ಹಾಡಿನ ನಕಲು: ಕಾನೂನು ಎಲ್ಲಿ ಎಡವಿತು?

ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲು ಹಾದಿಯಲ್ಲಿ ಶಿವನಿ ಎಂಬ ಹೋಬಳಿ ಕೇಂದ್ರವಿದೆ. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದ ಈ ಊರು ಈಗ ಅಜ್ಜಂಪುರ ತಾಲ್ಲೂಕಿಗೆ ಸೇರಿದೆ. 2010ರ ಆಸುಪಾಸಿನಲ್ಲಿ ಇಂಥ ಊರುಗಳ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಒಂದು ಕೆಲಸ ಬಿಡುವಿಲ್ಲದೆ ನಡೆಯುತ್ತಿತ್ತು. ಗಿರಾಕಿ ಫೋನಿನಿಂದ ಮೆಮೊರಿ ಕಾರ್ಡ್ ತೆಗೆದುಕೊಡುತ್ತಿದ್ದ. ಅಂಗಡಿಯವನು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, "ಹಳೇದು ಹಾಕಲೋ, ಹೊಸದೋ?" ಎಂದು ಕೇಳಿ, ಚಿತ್ರಗೀತೆ, ಭಾವಗೀತೆ, ಜನಪದ ಗೀತೆ ಎಲ್ಲವನ್ನೂ ತುಂಬಿಸಿ ಕೊಡುತ್ತಿದ್ದ. ಆ ಹಾಡುಗಳು ಅವನ ಕಂಪ್ಯೂಟರಿಗೆ ಬಂದದ್ದು ಅಂತರ್ಜಾಲದಿಂದ. ಈಗ ಕಾರ್ಡಿನ ಬದಲು ವಾಟ್ಸಾಪ್, ಟೆಲಿಗ್ರಾಂಗಳು ಬಂದಿವೆ. ಕೆಲಸ ಮಾತ್ರ ಅದೇ.

ಇದು ಅಪರಾಧವೇ? ಅಪರಾಧವಾದರೆ ಇಷ್ಟು ವರ್ಷಗಳಾದರೂ ಏಕೆ ನಿಂತಿಲ್ಲ? ಮೊದಲನೆಯದನ್ನು ವಕೀಲರಿಗೂ ಎರಡನೆಯದನ್ನು ತಂತ್ರಜ್ಞರಿಗೂ ಬಿಟ್ಟು ನಾವು ಸುಮ್ಮನಾಗುತ್ತೇವೆ. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಒಂದೇ ಕಡೆ ಸಿಗುತ್ತದೆ. ಕಾನೂನು ಕೇಳುಗನನ್ನೂ ಹಂಚುವವನನ್ನೂ ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂದು ತಿಳಿದು ಬರೆದದ್ದು. ಯಂತ್ರವು ಆ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿಬಿಟ್ಟಿದೆ.

ಹಾಡು ಹಗುರವಾದ ಬಗೆ

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆಯುತ್ತಾರೆ. ಎಡ ಬಲ ಎರಡು ವಾಹಿನಿಗಳು ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳಾದವು. ಐದು ನಿಮಿಷದ ಹಾಡಿಗೆ ಸುಮಾರು 53 ಮೆಗಾಬೈಟ್ ಬೇಕು. ಸೆಕೆಂಡಿಗೆ 56,000 ಬಿಟ್ ಸಾಗಿಸುವ ಹಳೆಯ ದೂರವಾಣಿ ಮೋಡೆಮ್‌ನಲ್ಲಿ ಇದನ್ನು ತರಿಸಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತಿತ್ತು.

ಎಂಪಿ3 ವಿಧಾನ ಈ ಗಾತ್ರವನ್ನು ಸುಮಾರು ಹನ್ನೊಂದನೆಯ ಒಂದು ಭಾಗಕ್ಕೆ ಇಳಿಸಿತು. ಅದು ಹೇಗೆ? ಶಿವನಿ ನಿಲ್ದಾಣದಲ್ಲಿ ಗೂಡ್ಸ್ ರೈಲು ಹಾದುಹೋಗುವಾಗ ಪಕ್ಕದಲ್ಲಿ ನಿಂತವರ ಮಾತು ನಿಮಗೆ ಕೇಳಿಸುವುದಿಲ್ಲ, ಅಲ್ಲವೇ? ಮಾತಿನ ಅಲೆಗಳು ಕಿವಿಗೆ ಬಿದ್ದೇ ಇರುತ್ತವೆ, ದೊಡ್ಡ ಸದ್ದು ಅವನ್ನು ಮರೆಮಾಚುತ್ತದೆ. ಹಾಡಿನೊಳಗೂ ಜೋರಾದ ಸ್ವರವೊಂದು ತನ್ನ ಹತ್ತಿರದ ಆವರ್ತಾಂಕದ ಮೆಲುಸ್ವರಗಳನ್ನು ಮರೆಮಾಚುತ್ತದೆ. ಹೇಗೂ ಕೇಳಿಸದ ಇಂಥ ಭಾಗಗಳಿಗೆ ಕಡಿಮೆ ಬಿಟ್‌ಗಳನ್ನು ಕೊಟ್ಟರೆ ಕಡತ ಚಿಕ್ಕದಾಗುತ್ತದೆ. ಸೆಕೆಂಡಿಗೆ 1,28,000 ಬಿಟ್‌ಗಳ ಎಂಪಿ3ಯಲ್ಲಿ ಅದೇ ಹಾಡು 4.8 ಮೆಗಾಬೈಟ್ ಮಾತ್ರ. ಅದೇ ಮೋಡೆಮ್‌ಗೆ ಹನ್ನೆರಡು ನಿಮಿಷ ಸಾಕು. ಎರಡು ಗಿಗಾಬೈಟ್‌ನ ಕಾರ್ಡಿನಲ್ಲಿ ನಾನೂರು ಹಾಡು.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲು ಮಾಡಿದಂತೆಲ್ಲ ಗೊರಗೊರ ಸದ್ದು ಹೆಚ್ಚುತ್ತಿತ್ತು. ನಾಲ್ಕನೆಯ ತಲೆಮಾರಿನ ನಕಲು ಕೇಳುವಂತಿರುತ್ತಿರಲಿಲ್ಲ. ಅಂದರೆ ಕ್ಯಾಸೆಟ್‌ನ ಭೌತ ಗುಣವೇ ಹಕ್ಕುದಾರನಿಗೆ ಕಾವಲಾಗಿತ್ತು. ಅಂಕಿಗಳ ನಕಲಿಗೆ ತಲೆಮಾರಿಲ್ಲ, ಸಾವಿರದ ಪ್ರತಿಯೂ ಮೊದಲ ಪ್ರತಿಯಂತೆಯೇ ಇರುತ್ತದೆ. ಹಾಡು ಪಡೆದ ಪ್ರತಿಯೊಬ್ಬರೂ ಗಂಟೆಗೊಬ್ಬರಿಗೆ ಅದನ್ನು ಕೊಡುತ್ತ ಹೋದರೆ ಇಪ್ಪತ್ತು ಗಂಟೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಾಗುತ್ತವೆ. ಎರಡರ ಘಾತ ಇಪ್ಪತ್ತು ಎಷ್ಟೆಂದು ನೀವೇ ಲೆಕ್ಕ ಹಾಕಿ ನೋಡಿ.

ಬಾಗಿಲು ಮುಚ್ಚಿದರೂ ಗೋಡೆಯಿಲ್ಲದ ಮನೆ

1999ರಲ್ಲಿ ಅಮೆರಿಕದಲ್ಲಿ ಶಾನ್ ಫ್ಯಾನಿಂಗ್ ಎಂಬ ತರುಣ ನ್ಯಾಪ್‌ಸ್ಟರ್ ಆರಂಭಿಸಿದ. ಹಾಡುಗಳು ಬಳಕೆದಾರರ ಗಣಕಗಳಲ್ಲೇ ಇರುತ್ತಿದ್ದವು, ಯಾರಲ್ಲಿ ಏನಿದೆ ಎಂಬ ಪಟ್ಟಿ ಮಾತ್ರ ನ್ಯಾಪ್‌ಸ್ಟರ್ ಬಳಿ ಇತ್ತು. ಧ್ವನಿಮುದ್ರಣ ಕಂಪನಿಗಳು ಮೊಕದ್ದಮೆ ಹೂಡಿ ಗೆದ್ದವು. 2001ರಲ್ಲಿ ಆ ಸೇವೆ ನಿಂತಿತು. ಪಟ್ಟಿ ಒಂದೇ ಕಡೆ ಇದ್ದುದರಿಂದ ಅದನ್ನು ನಿಲ್ಲಿಸುವುದು ಸುಲಭವಾಯಿತು.

ಇದರಿಂದ ಪಾಠ ಕಲಿತವರು ತಂತ್ರಜ್ಞರು. ಅದೇ 2001ರಲ್ಲಿ ಬ್ರಾಮ್ ಕೊಹೆನ್ ಬಿಟ್‌ಟೊರೆಂಟ್ ರೂಪಿಸಿದ. ಇದರಲ್ಲಿ ಕಡತವನ್ನು ಸಣ್ಣ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿಗೂ ಬೆರಳಚ್ಚಿನಂಥ ಒಂದು ಗುರುತುಸಂಖ್ಯೆ ಕೊಡುತ್ತಾರೆ. ನಿಮ್ಮ ಗಣಕ ಒಂದು ತುಣುಕನ್ನು ಒಬ್ಬರಿಂದ, ಮತ್ತೊಂದನ್ನು ಇನ್ನೊಬ್ಬರಿಂದ ಪಡೆಯುತ್ತದೆ. ಪಡೆಯುತ್ತಿರುವಾಗಲೇ, ಬಂದ ತುಣುಕುಗಳನ್ನು ಬೇರೆಯವರಿಗೆ ಕಳುಹಿಸುತ್ತಲೂ ಇರುತ್ತದೆ. 2005ರ ಹೊತ್ತಿಗೆ ಯಾರ ಬಳಿ ಏನಿದೆ ಎಂಬ ಪಟ್ಟಿಯನ್ನೂ ಬಳಕೆದಾರರ ಗಣಕಗಳಲ್ಲೇ ಹರಡಿಡುವ ವ್ಯವಸ್ಥೆ ಬಂತು. ಈಗ ಮುಚ್ಚಬೇಕಾದ ಬಾಗಿಲು ಯಾವುದು?

2009ರಲ್ಲಿ ಸ್ವೀಡನ್ನಿನ ನ್ಯಾಯಾಲಯ ಪೈರೇಟ್ ಬೇ ತಾಣದ ರೂವಾರಿಗಳಿಗೆ ಶಿಕ್ಷೆ ವಿಧಿಸಿತು. ತಾಣ ಮಾತ್ರ ವಿಳಾಸ ಬದಲಿಸುತ್ತ ಮತ್ತೆ ಮತ್ತೆ ತೆರೆದುಕೊಂಡಿತು. 2019ರಲ್ಲಿ ದೆಹಲಿ ಹೈಕೋರ್ಟ್ ಇಂಥ ತಾಣಗಳ ವಿರುದ್ಧ ನೀಡಿದ ತಡೆಯಾಜ್ಞೆಯನ್ನು, ಹೊಸ ಹೊಸ ವಿಳಾಸಗಳನ್ನು ಸೇರಿಸುತ್ತ ಹೋಗಲು ಅನುವಾಗುವಂತೆ ರೂಪಿಸಿತು. ಜಾಣತನದ ಕ್ರಮ ಅದು. ಆದರೂ ಓಡುವವನ ಹಿಂದೆ ಓಡುವ ಕ್ರಮವೇ.

ಕಾನೂನಿನ ಎರಡು ಖಾನೆಗಳು

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ 63ನೆಯ ಕಲಂ ಪ್ರಕಾರ ತಿಳಿದೂ ತಿಳಿದು ಹಕ್ಕನ್ನು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ದಾಖಲಿಸಿ ಶಿಕ್ಷೆ ಕಡಿಮೆ ಮಾಡಬಹುದು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾಮೀನು ರಹಿತ ಅಪರಾಧವೆಂದು ಹೇಳಿತು.

ಇನ್ನೊಂದು ಖಾನೆ 52ನೆಯ ಕಲಮಿನದು. ಖಾಸಗಿ ಬಳಕೆಗೆ ನ್ಯಾಯವಾದ ರೀತಿಯಲ್ಲಿ ಕೃತಿಯನ್ನು ಬಳಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ ಅದು. 2012ರ ತಿದ್ದುಪಡಿಯ ನಂತರ ಧ್ವನಿಮುದ್ರಣಗಳಿಗೂ ಈ ವಿನಾಯಿತಿ ಸಿಕ್ಕಿತು. ಆದರೆ ಅಕ್ರಮ ಮೂಲದಿಂದ ಇಳಿಸಿಕೊಂಡ ಹಾಡು ಇದರ ಆಶ್ರಯಕ್ಕೆ ಬರುತ್ತದೆಯೇ ಎಂಬುದನ್ನು ಕಾಯ್ದೆ ಸ್ಪಷ್ಟಪಡಿಸುವುದಿಲ್ಲ. 2016ರಲ್ಲಿ ಮುಂಬೈ ಹೈಕೋರ್ಟ್, ಅಕ್ರಮ ಪ್ರತಿಯನ್ನು ಬರೀ ನೋಡುವುದು ಅಪರಾಧವಲ್ಲ, ಅದನ್ನು ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು ಅಪರಾಧ ಎಂಬ ಅಭಿಪ್ರಾಯ ಕೊಟ್ಟಿತು.

ಒಂದು ಖಾನೆಯಲ್ಲಿ ಕೇಳುಗ, ಇನ್ನೊಂದರಲ್ಲಿ ಹಂಚುವವ. ಓದುವಾಗ ಸರಿಯಾಗಿಯೇ ಕಾಣುತ್ತದೆ. ಈಗ ಬಿಟ್‌ಟೊರೆಂಟ್ ನೆನಪಿಸಿಕೊಳ್ಳಿ. ತನಗಾಗಿ ಒಂದು ಹಾಡು ಇಳಿಸಿಕೊಳ್ಳುವ ವಿದ್ಯಾರ್ಥಿನಿ ಅದೇ ಕ್ಷಣದಲ್ಲಿ, ತನಗೆ ಅರಿವಿಲ್ಲದೆಯೇ, ಅದರ ತುಣುಕುಗಳನ್ನು ಪರಊರಿನವರಿಗೆ ಹಂಚುತ್ತಿರುತ್ತಾಳೆ. ಅವಳನ್ನು ಯಾವ ಖಾನೆಗೆ ಹಾಕುತ್ತೀರಿ? 'ತಿಳಿದೂ ತಿಳಿದು' ಎಂಬ ಮಾತು ಇಲ್ಲಿ ಏನಾಯಿತು?

ಕರ್ನಾಟಕದ ಅನುಭವ ಇನ್ನೂ ವಿಚಿತ್ರ. 1985ರ ಗೂಂಡಾ ಕಾಯ್ದೆಯ ವ್ಯಾಪ್ತಿಯಲ್ಲಿ ಧ್ವನಿ ಮತ್ತು ದೃಶ್ಯ ಸುರುಳಿಗಳ ಕಳ್ಳನಕಲುಗಾರರು ಮೊದಲೇ ಇದ್ದರು. 2014ರ ತಿದ್ದುಪಡಿ ಅವರ ಜೊತೆಗೆ 'ಡಿಜಿಟಲ್ ಅಪರಾಧಿ'ಯನ್ನೂ ಸೇರಿಸಿತು. ವಾಣಿಜ್ಯ ಉದ್ದೇಶದಿಂದ ಕೃತಿಸ್ವಾಮ್ಯ ಉಲ್ಲಂಘಿಸುವವನು ಆ ವ್ಯಾಖ್ಯೆಗೆ ಬರುತ್ತಾನೆ. ಈ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ದೊಡ್ಡ ತಾಣಗಳನ್ನು ನಡೆಸಿ ಜಾಹೀರಾತಿನಿಂದ ಹಣ ಮಾಡುವವರು ಹೆಚ್ಚಾಗಿ ದೇಶದ ಹೊರಗೆ, ಸುಳ್ಳು ಹೆಸರಿನ ಹಿಂದೆ ಇರುತ್ತಾರೆ. ಕೈಗೆ ಸಿಗುವವನು ಕಾರ್ಡಿಗೆ ಹಾಡು ತುಂಬುವ ಅಂಗಡಿಯವನೇ. ಅವನು ಮಾಡುವುದು ತಪ್ಪೇ, ಸಂದೇಹವಿಲ್ಲ. ಆದರೆ ಇಲಿ ಹಿಡಿಯಲು ಗುಡ್ಡ ಅಗೆಯುವ ಇಂಥ ಕಾನೂನಿನಿಂದ ಹಾಡಿನ ನಕಲು ನಿಂತೀತೆಂದು ನಂಬುವುದು ಕಷ್ಟ. ಅಪರೂಪಕ್ಕೆ ಬೀಳುವ ಭಾರಿ ಶಿಕ್ಷೆಗಿಂತ ಖಚಿತವಾಗಿ ಬೀಳುವ ಸಣ್ಣ ಶಿಕ್ಷೆಗೆ ಜನ ಹೆಚ್ಚು ಹೆದರುತ್ತಾರೆ.

ಎರಡೂ ಕಡೆಯ ನೆಪಗಳು

"ಕಂಪನಿಗಳು ಶ್ರೀಮಂತ, ಒಂದು ಹಾಡಿನಿಂದ ಅವರಿಗೇನು ನಷ್ಟ?" ಎಂದು ನೀವು ಹೇಳಬಹುದು. ಇದು ನೆಪ. ಹಾಡಿನ ಹಿಂದೆ ಕವಿ, ಸಂಯೋಜಕ, ಗಾಯಕಿ, ತಬಲಾದವನು ಎಲ್ಲರ ದುಡಿಮೆ ಇದೆ. ಪುಕ್ಕಟೆ ಪ್ರತಿಯಿಂದ ಅವರಾರಿಗೂ ಬಿಡಿಗಾಸು ಬರುವುದಿಲ್ಲ.

ಕಂಪನಿಗಳ ಮಾತಿನಲ್ಲೂ ನೆಪವಿದೆ. ಇಳಿಸಿಕೊಂಡ ಪ್ರತಿ ಹಾಡನ್ನೂ ಮಾರಾಟವಾಗದೆ ಹೋದ ಒಂದು ಪ್ರತಿ ಎಂದು ಎಣಿಸಿ ನಷ್ಟ ತೋರಿಸುವುದು ಗಣಿತವಲ್ಲ. ನಾನೂರು ಹಾಡು ತುಂಬಿಸಿಕೊಂಡ ಕೂಲಿಕಾರ ಅವಷ್ಟನ್ನೂ ಕೊಳ್ಳುತ್ತಿದ್ದನೇ? ಇನ್ನು ಕಲಾವಿದರ ಹೆಸರಿನಲ್ಲಿ ಕಣ್ಣೀರು ಹಾಕುವವರು ಒಂದು ಸಂಗತಿ ನೆನಪಿಡಬೇಕು. ಒಂದು ಬಾರಿ ಹಣ ಕೊಟ್ಟು ಗೀತರಚನಕಾರರಿಂದಲೂ ಸಂಯೋಜಕರಿಂದಲೂ ಎಲ್ಲ ಹಕ್ಕು ಬರೆಸಿಕೊಳ್ಳುವ ರೂಢಿ ಚಿತ್ರರಂಗದಲ್ಲಿತ್ತು. ಚಿತ್ರಮಂದಿರದ ಹೊರಗಿನ ಬಳಕೆಗೆ ಬರುವ ರಾಯಧನದಲ್ಲಿ ಅವರಿಗೆ ಸಮಪಾಲು ಇರಲೇಬೇಕು, ಆ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ ಎಂದು ಕಾನೂನು ಹೇಳಿದ್ದು 2012ರಲ್ಲಿ.

ಅವಧಿಯ ಗೋಜಲನ್ನೂ ನೋಡಿ. 'ರಣಧೀರ ಕಂಠೀರವ' ಚಿತ್ರ ಬಂದದ್ದು 1960ರಲ್ಲಿ. ಚಿತ್ರಕ್ಕೂ ಧ್ವನಿಮುದ್ರಣಕ್ಕೂ ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ ರಕ್ಷಣೆ. ಅಂದರೆ ಅದು 2020ರ ಕೊನೆಗೆ ಮುಗಿಯಿತು. ಹಾಗಾದರೆ ಅದರ ಹಾಡನ್ನು ಈಗ ಹಂಚಬಹುದೇ? ಇಲ್ಲ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃ ತೀರಿಕೊಂಡ ಮೇಲೆ ಅರವತ್ತು ವರ್ಷ ಉಳಿಯುತ್ತದೆ. ಸಂಗೀತ ನೀಡಿದ ಜಿ.ಕೆ. ವೆಂಕಟೇಶ್ ತೀರಿಕೊಂಡದ್ದು 1993ರಲ್ಲಿ, ಸಾಹಿತ್ಯ ಬರೆದ ಜಿ.ವಿ. ಅಯ್ಯರ್ 2003ರಲ್ಲಿ. ಆದ್ದರಿಂದ ಆ ಹಾಡು ಪೂರ್ತಿಯಾಗಿ ಬಿಡುಗಡೆ ಹೊಂದುವುದು 2063 ಮುಗಿದ ಮೇಲೆ. ಅಲ್ಲಿಯವರೆಗೆ ಹಕ್ಕುದಾರರು ಅದನ್ನು ಮಾರುಕಟ್ಟೆಯಲ್ಲಿ ಇಡಲೇಬೇಕೆಂಬ ಕಟ್ಟುಪಾಡಿಲ್ಲ. ಕ್ಯಾಸೆಟ್ ಯುಗದ ಎಷ್ಟೋ ಭಾವಗೀತೆ, ನಾಟಕ, ಹರಿಕಥೆಗಳ ಧ್ವನಿಸುರುಳಿಗಳನ್ನು ಈಗ ಯಾರೂ ಮಾರುತ್ತಿಲ್ಲ. ಅವು ಉಳಿದಿದ್ದರೆ ಯಾರೋ ಆಸಕ್ತರು ಕಾನೂನು ಮುರಿದು ಗಣಕಕ್ಕೆ ಏರಿಸಿದ್ದರಿಂದ ಉಳಿದಿವೆ. ಹಣಕ್ಕಾಗಿ ಹೊಸ ಚಿತ್ರದ ಹಾಡು ಕದಿಯುವವನಿಗೂ ಇವರಿಗೂ ಕಾನೂನಿನ ಕಣ್ಣಲ್ಲಿ ಶಿಕ್ಷೆಯ ಪ್ರಮಾಣ ಬೇರೆಯಾದೀತೇ ಹೊರತು ಅಪರಾಧ ಒಂದೇ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಯಾರೂ ಮಾರದ ಧ್ವನಿಮುದ್ರಣವನ್ನು ಲಾಭವಿಲ್ಲದೆ ಉಳಿಸುವವರಿಗೆ ಪ್ರತ್ಯೇಕವಾದ, ಸ್ಪಷ್ಟವಾದ ವಿನಾಯಿತಿ ಬೇಕು.

ಏನು ಬದಲಾಯಿತು?

ನಕಲನ್ನು ನಿಜವಾಗಿ ತಗ್ಗಿಸಿದ್ದು ಅಗ್ಗದ ಅಂತರ್ಜಾಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಹಳ್ಳಿಯ ಫೋನಿಗೂ ಯೂಟ್ಯೂಬ್ ತಲುಪಿತು, ಕಾರ್ಡ್ ತುಂಬಿಸುವವರು ಕಡಿಮೆಯಾದರು. ಹಾಡು ನ್ಯಾಯವಾಗಿಯೇ ಸುಲಭವಾಗಿ ಸಿಕ್ಕರೆ ಹೆಚ್ಚಿನವರು ಅಡ್ಡದಾರಿ ಹಿಡಿಯುವುದಿಲ್ಲ. ಆದರೆ ಈ ಸೇವೆಗಳಲ್ಲಿ ಹಾಡು ನಿಮ್ಮದಲ್ಲ, ಬಾಡಿಗೆಯದು. 2024ರಲ್ಲಿ ವಿಂಕ್ ಮ್ಯೂಸಿಕ್ ಆ್ಯಪ್ ಮುಚ್ಚಲು ಕಂಪನಿ ತೀರ್ಮಾನಿಸಿದಾಗ ಕೇಳುಗರು ಬೇರೆ ಕಡೆ ಹೋಗಬೇಕಾಯಿತು. ನಂಬಬಹುದಾದ ಸ್ವಂತ ಪ್ರತಿ ಬೇಕೆಂಬ ಆಸೆ ಇರುವವರೆಗೆ ಕಡತ ಹಂಚಿಕೆಯೂ ಇರುತ್ತದೆ.

ಶಿಕ್ಷಕರಿಗೆ ಎರಡು ಮಾತು. ಶಾಲಾ ವಾರ್ಷಿಕೋತ್ಸವದಲ್ಲಿ ಸಿಬ್ಬಂದಿ, ಮಕ್ಕಳು, ಪೋಷಕರ ಎದುರು ಧ್ವನಿಮುದ್ರಿತ ಹಾಡು ನುಡಿಸಲು 52ನೆಯ ಕಲಂ ಅನುಮತಿ ಕೊಡುತ್ತದೆ, ಅಂಜಬೇಕಿಲ್ಲ. ಅದೇ ಹಾಡಿನ ಕಡತವನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರೆ ಅದು ಹಂಚಿಕೆ. ಈ ಗೆರೆಯನ್ನು ಮಕ್ಕಳಿಗೆ ತೋರಿಸಿ. "ಕಳ್ಳತನ, ಮಾಡಬೇಡಿ" ಎಂದಷ್ಟೇ ಹೇಳಿದರೆ ಅವರು ನಂಬುವುದಿಲ್ಲ. ಏಕೆಂದರೆ ಕದ್ದ ವಸ್ತು ಮಾಲೀಕನ ಬಳಿ ಇರುವುದಿಲ್ಲ, ಇಲ್ಲಿ ಇರುತ್ತದೆ.

ಕೊನೆಗೆ ಒಂದು ಪ್ರಶ್ನೆ ಕೊಡಿ. ನಿಮ್ಮ ಊರಿನ ಸೋಬಾನೆ ಹಾಡುವ ಅಜ್ಜಿಯ ಹಾಡನ್ನು ಯಾರೋ ಫೋನಿನಲ್ಲಿ ಮುದ್ರಿಸಿಕೊಂಡು, ಕೇಳದೆಯೇ ಅಂತರ್ಜಾಲಕ್ಕೆ ಹಾಕಿ ಹಣ ಮಾಡುತ್ತಿದ್ದಾರೆ. ಹಾಡು ಎಲ್ಲರದು, ತಲೆಮಾರುಗಳಿಂದ ಬಂದದ್ದು. ಆದರೆ ಆ ದನಿ? ಹಾಡುಗಾರರಿಗೂ ತಮ್ಮ ಗಾಯನದ ಮೇಲೆ ಐವತ್ತು ವರ್ಷಗಳ ಹಕ್ಕಿದೆ ಎನ್ನುತ್ತದೆ ನಮ್ಮ ಕಾಯ್ದೆ. ಆ ಅಜ್ಜಿಗೆ ಇದನ್ನು ತಿಳಿಸಿದವರು ಯಾರು? ಈ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚಿಸಿದ ಮಗು, ನಾಳೆ ಒಂದು ಹಾಡನ್ನು ಮುಂದಕ್ಕೆ ಕಳುಹಿಸುವ ಮೊದಲು ಅದು ಯಾರದೆಂದು ಒಮ್ಮೆಯಾದರೂ ಕೇಳಿಕೊಂಡೀತು.