ಮೀನೆಣ್ಣೆಯ ಪ್ರತಿಷ್ಠೆ ಮತ್ತು ಖನಿಜ ತೈಲದ ಪ್ರಶ್ನೆ

ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್‌ನ ಚಿಕಿತ್ಸೆಯಲ್ಲಿ ಮೀನೆಣ್ಣೆಗೆ ಇಂದಿರುವ ಪ್ರತಿಷ್ಠೆ ಬಹುಮಟ್ಟಿಗೆ ಒಂದೇ ಪ್ರಯೋಗದ ಮೇಲೆ ನಿಂತಿದೆ. 2018ರ ‘ರೆಡ್ಯೂಸ್-ಇಟ್’ ಪ್ರಯೋಗದಲ್ಲಿ, ಆಗಲೇ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಸೇವಿಸುತ್ತಿದ್ದ 8,179 ಮಂದಿಯ ಪೈಕಿ ಅರ್ಧದಷ್ಟು ಜನಕ್ಕೆ ಮೀನೆಣ್ಣೆಯ ಒಮೆಗಾ-3 ಕೊಬ್ಬಿನಾಮ್ಲವಾದ ಇಪಿಎಯನ್ನು ಶುದ್ಧ ರೂಪದಲ್ಲಿ ದಿನಕ್ಕೆ 4 ಗ್ರಾಂ ಕೊಡಲಾಯಿತು. ಮಿಕ್ಕವರಿಗೆ ಸಿಕ್ಕಿದ್ದು ಖನಿಜ ತೈಲ ತುಂಬಿದ ಹುಸಿಮಾತ್ರೆ. ಸುಮಾರು ಐದು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಅವಘಡಗಳು ಮೊದಲ ಗುಂಪಿನಲ್ಲಿ ಶೇ. 17.2, ಎರಡನೆಯದರಲ್ಲಿ ಶೇ. 22ರಷ್ಟು ಮಂದಿಗೆ ಆದವು. ಅಪಾಯ ಕಾಲುಭಾಗ ತಗ್ಗಿತೆಂಬ ಸುದ್ದಿ ಲೋಕವೆಲ್ಲ ಹರಡಿತು.

ತಕರಾರು ಇರುವುದು ಆ ಹುಸಿಮಾತ್ರೆಯಲ್ಲೇ. ಹುಸಿಮಾತ್ರೆ ದೇಹದ ಮೇಲೆ ಒಳ್ಳೆಯದನ್ನೂ ಮಾಡಬಾರದು, ಕೆಟ್ಟದ್ದನ್ನೂ ಮಾಡಬಾರದು. ಇಲ್ಲಿ ಹಾಗಾಗಲಿಲ್ಲ. ಖನಿಜ ತೈಲ ಸೇವಿಸಿದವರ ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್ ಸುಮಾರು ಶೇ. 10ರಷ್ಟು ಏರಿತು, ಉರಿಯೂತ ಸೂಚಿಸುವ ಸಿಆರ್‌ಪಿ ಶೇ. 32ರಷ್ಟು ಏರಿತು. ಹಾಗಾದರೆ ಎರಡು ಗುಂಪುಗಳ ನಡುವಿನ ಅಂತರದಲ್ಲಿ ಮದ್ದಿನ ಉಪಕಾರ ಎಷ್ಟು, ಹೋಲಿಕೆಯ ಎಣ್ಣೆಯ ಅಪಕಾರ ಎಷ್ಟು? ಎಲ್‌ಡಿಎಲ್‌ನ ಅಷ್ಟು ಸಣ್ಣ ಏರಿಕೆ ಇಷ್ಟು ದೊಡ್ಡ ಅಂತರವನ್ನು ವಿವರಿಸಲಾರದು ಎಂಬುದು ಸಮರ್ಥಕರ ಉತ್ತರ. ಅಮೆರಿಕದ ಔಷಧ ನಿಯಂತ್ರಕರೂ ಎಣ್ಣೆಯ ಪ್ರಭಾವ ಅಲ್ಪವೆಂದು ಎಣಿಸಿ 2019ರಲ್ಲಿ ಮಂಜೂರಾತಿ ಕೊಟ್ಟರು. ಆದರೆ ಈ ಉತ್ತರ ಎಲ್‌ಡಿಎಲ್‌ಗೆ ಮಾತ್ರ ಒಪ್ಪುತ್ತದೆ. 2022ರಲ್ಲಿ ಅದೇ ಪ್ರಯೋಗದ ರಕ್ತಮಾದರಿಗಳನ್ನು ಪರೀಕ್ಷಿಸಿದಾಗ ಉರಿಯೂತದ ಹಲವು ಸೂಚಕಗಳು ಖನಿಜ ತೈಲದ ಗುಂಪಿನಲ್ಲಿ ಏರಿದ್ದವು, ಮೀನೆಣ್ಣೆಯ ಗುಂಪಿನಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಮದ್ದು ತಾನಾಗಿ ಉರಿಯೂತವನ್ನು ಇಳಿಸದೆ, ಎದುರಿನ ಗುಂಪು ಕೆಟ್ಟಿದ್ದರಿಂದಲೇ ಒಂದಿಷ್ಟು ಗೆದ್ದಿತೆಂಬ ಶಂಕೆಗೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

2020ರ ‘ಸ್ಟ್ರೆಂತ್’ ಪ್ರಯೋಗ ಹೋಲಿಕೆಗೆ ಜೋಳದ ಎಣ್ಣೆ ಬಳಸಿತು. 13,078 ಮಂದಿಯಲ್ಲಿ ಇಪಿಎ ಮತ್ತು ಮೀನೆಣ್ಣೆಯ ಇನ್ನೊಂದು ಒಮೆಗಾ-3 ಆದ ಡಿಎಚ್‌ಎ ಮಿಶ್ರಣ ಪಡೆದವರಿಗೂ ಪಡೆಯದವರಿಗೂ ಅವಘಡಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ: ಶೇ. 12ಕ್ಕೆ ಎದುರಾಗಿ ಶೇ. 12.2. ಡಿಎಚ್‌ಎ ಬೆರೆತದ್ದೇ ದೋಷವೆಂದು ಸಮರ್ಥಕರು ವಾದಿಸಿದರು. ಫಲಿತಾಂಶ ಬಂದಮೇಲೆ ಹುಟ್ಟಿದ ಈ ವಾದ ಊಹೆಯಷ್ಟೇ; ಇಪಿಎಗೂ ಖನಿಜ ತೈಲವಲ್ಲದ ಬೇರೆ ಎಣ್ಣೆಗೂ ದೊಡ್ಡ ಮಟ್ಟದ ಮುಖಾಮುಖಿ ನಡೆಯುವತನಕ ಅದಕ್ಕೆ ತೂಕವಿಲ್ಲ. ಜಪಾನಿನ ‘ಜೆಲಿಸ್’ ಅಧ್ಯಯನ ಇಪಿಎ ಪರವಾಗಿತ್ತು ನಿಜ, ಆದರೆ ಅದರಲ್ಲಿ ಹುಸಿಮಾತ್ರೆಯೇ ಇರಲಿಲ್ಲ.

ಈ ಜಗಳದಲ್ಲಿ ಮರೆಯಾದದ್ದು ಹೆಚ್ಚು ಮುಖ್ಯವಾದ ಸಂಗತಿ. ‘ರೆಡ್ಯೂಸ್-ಇಟ್’ನಲ್ಲೇ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 150 ಮಿ.ಗ್ರಾಂಗಿಂತ ಕೆಳಗಿಳಿದವರಿಗೂ ಇಳಿಯದವರಿಗೂ ಲಾಭ ಒಂದೇ ಸಮ. 2022ರ ‘ಪ್ರಾಮಿನೆಂಟ್’ ಪ್ರಯೋಗದಲ್ಲಿ ಪೆಮಾಫೈಬ್ರೇಟ್ ಎಂಬ ಮದ್ದು ಮಧುಮೇಹಿಗಳ ಟ್ರೈಗ್ಲಿಸರೈಡನ್ನು ಕಾಲುಭಾಗಕ್ಕೂ ಹೆಚ್ಚು ಇಳಿಸಿತು, ಹೃದಯಕ್ಕೆ ಮಾತ್ರ ಏನೂ ದಕ್ಕಲಿಲ್ಲ. ಕೊಬ್ಬು ಹೊತ್ತ ಕಣಗಳ ಲೆಕ್ಕ ಹೇಳುವ ಅಪೊಬಿ ಇಳಿಯುವ ಬದಲು ತುಸು ಏರಿತ್ತು. 150ರಿಂದ 499ರವರೆಗಿನ ಅಂಕಿಯನ್ನಷ್ಟೇ ಬೆನ್ನಟ್ಟುವ ಚಿಕಿತ್ಸೆ ಹೃದಯವನ್ನು ಕಾಯುವುದಿಲ್ಲ. ಅಲ್ಲಿ ಹೃದಯದ ಕಾವಲು ಸ್ಟ್ಯಾಟಿನ್‌ನದು. ಟ್ರೈಗ್ಲಿಸರೈಡ್ ಕೂಡ ಅದರಿಂದ ಒಂದಿಷ್ಟು ಇಳಿಯುತ್ತದೆ.

ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮೀನೆಣ್ಣೆ ಗುಳಿಗೆಯ ಹೆಸರಂತೂ ಬರಿಯ ಎರವಲು. ‘1000 ಮಿ.ಗ್ರಾಂ’ ಎಂದು ದಪ್ಪಕ್ಷರದಲ್ಲಿ ಬರೆದ ಸಾಮಾನ್ಯ ಗುಳಿಗೆಯ ಹಿಂಬದಿ ಓದಿದರೆ ಇಪಿಎ 180, ಡಿಎಚ್‌ಎ 120 ಮಿ.ಗ್ರಾಂ ಎಂದಿರುತ್ತದೆ. ಪ್ರಯೋಗದ ಪ್ರಮಾಣ ಮುಟ್ಟಲು ದಿನಕ್ಕೆ ಸುಮಾರು 22 ಗುಳಿಗೆ ನುಂಗಬೇಕು. ಅಷ್ಟು ನುಂಗಿದರೂ ಅಪಾಯ ತಪ್ಪದು: ‘ರೆಡ್ಯೂಸ್-ಇಟ್’ನಲ್ಲಿ ಹೃದಯದ ಲಯ ತಪ್ಪಿ ಆಸ್ಪತ್ರೆ ಸೇರಿದವರು ಇಪಿಎ ಗುಂಪಿನಲ್ಲಿ ಶೇ. 3.1, ಇನ್ನೊಂದರಲ್ಲಿ ಶೇ. 2.1.

ಕಡೆಗಣಿಸಲ್ಪಟ್ಟಿರುವ ಚಿಕಿತ್ಸೆ ಊಟದ ತಟ್ಟೆಯಲ್ಲಿದೆ. ಮಿಗಿಲಾದ ಸಕ್ಕರೆ, ಪಿಷ್ಟ ಮತ್ತು ಮದ್ಯವನ್ನು ಯಕೃತ್ತು ಕೊಬ್ಬಾಗಿಸಿ ರಕ್ತಕ್ಕೆ ಬಿಡುತ್ತದೆ. ಎಣ್ಣೆ-ತುಪ್ಪ ಬಿಟ್ಟು, ಎರಡು ಹೊತ್ತು ಅನ್ನದ ರಾಶಿ ಉಣ್ಣುವವರ ವರದಿ ಸುಧಾರಿಸದಿರುವುದು ಇದಕ್ಕೇ. ಅನ್ನದ ಜಾಗಕ್ಕೆ ಅಷ್ಟೇ ದೊಡ್ಡ ಮುದ್ದೆ ಬಂದರೂ ಅದು ಪಿಷ್ಟವೇ. ತೂಕದ ಶೇ. 5ರಿಂದ 10 ಕರಗಿದರೆ ಟ್ರೈಗ್ಲಿಸರೈಡ್ ಸುಮಾರು ಶೇ. 20 ಇಳಿಯುತ್ತದೆ, ‘ರೆಡ್ಯೂಸ್-ಇಟ್’ನ ದುಬಾರಿ ಮದ್ದು ಇಳಿಸಿದ್ದೂ ಹೆಚ್ಚುಕಡಿಮೆ ಅಷ್ಟನ್ನೇ.

ಟ್ರೈಗ್ಲಿಸರೈಡ್ 500 ದಾಟಿದಾಗ ಲೆಕ್ಕ ಬೇರೆ. ಅಲ್ಲಿಂದಾಚೆ, ಮುಖ್ಯವಾಗಿ 1000 ಮೀರಿದರೆ, ಮೇದೋಜ್ಜೀರಕ ಗ್ರಂಥಿಯ ಉರಿಯೂತ ಪ್ರಾಣಕ್ಕೇ ಎರವಾಗಬಹುದು. ಆಗ ಮದ್ಯ ಪೂರ್ತಿ ನಿಲ್ಲಬೇಕು, ಎಣ್ಣೆ-ಜಿಡ್ಡೂ ಕಟ್ಟುನಿಟ್ಟಾಗಿ ತಗ್ಗಬೇಕು, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರಬೇಕು. ಫೆನೋಫೈಬ್ರೇಟ್‌ಗೂ ವೈದ್ಯರು ಬರೆದುಕೊಡುವ ಹೆಚ್ಚು ಪ್ರಮಾಣದ ಒಮೆಗಾ-3ಕ್ಕೂ ನ್ಯಾಯವಾದ ಸ್ಥಾನವಿರುವುದು ಇಲ್ಲಿ. ಅದೇ ಫೈಬ್ರೇಟ್ ಗುಂಪಿನ ಜೆಮ್‌ಫೈಬ್ರೋಜಿಲ್ ಮಾತ್ರ ಸ್ಟ್ಯಾಟಿನ್ ಜೊತೆ ಸಲ್ಲದು. ಎರಡೂ ಸೇರಿದರೆ ಸ್ನಾಯುಗಳಿಗೆ ಪೆಟ್ಟು ಬೀಳುವ ಭಯ ಹೆಚ್ಚು.