ಕಾರೆ ಬೇಲಿ ಕೀಳುವ ಮೊದಲು

ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳ ಸುತ್ತ ತಂತಿ ಬೇಲಿ ಬರುತ್ತಿದೆ. ಜೆಸಿಬಿ ಬಂದ ದಿನ ಮೊದಲು ಹೋಗುವುದು ಬದುವಿನ ಕಾರೆ ಗಿಡ. ಅದು ಬೇರುಸಮೇತ ಬಿದ್ದಿರುವುದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮ ಕೋಲಾರ. ಮಳೆ ಕೈಕೊಟ್ಟ ವರ್ಷವೂ ಅಂತರಗಂಗೆಯ ಬಂಡೆ ಸಂದಿನಲ್ಲಿ, ಆವಣಿ ಬೆಟ್ಟದ ಬುಡದಲ್ಲಿ, ಮಾಲೂರಿನ ಹೊಲದ ಬದುಗಳಲ್ಲಿ ಕಾರೆ ಜೀವ ಹಿಡಿದು ನಿಂತಿರುತ್ತದೆ. ರೆಂಬೆಯುದ್ದಕ್ಕೂ ಎದುರುಬದುರಾಗಿ ನೇರ ಮುಳ್ಳಿನ ಜೋಡಿ, ಅದರ ಮಗ್ಗುಲಲ್ಲೇ ಪುಟ್ಟ ಎಲೆ. ಹಣ್ಣು ಹಳದಿ, ಸಿಹಿ, ಒಳಗೆ ಎರಡು ಬೀಜ. ಕಾಫಿ ಗಿಡದ ಕುಟುಂಬದ್ದೇ ಇದು.

ಮುಳಬಾಗಿಲಿನ ತೆಲುಗು ಮನೆಗಳಲ್ಲಿ ಇದು ಬಲುಸು. ‘ಬತಿಕುಂಟೆ ಬಲುಸಾಕು ತಿನವಚ್ಚು’ ಎಂಬ ಗಾದೆಯೇ ಇದೆ. ಜೀವ ಉಳಿದರೆ ಬಲುಸಿನ ಸೊಪ್ಪನ್ನಾದರೂ ತಿಂದುಕೊಂಡಿರಬಹುದು ಅಂತ. ಬರ ಕಂಡವರ ಮಾತು ಅದು, ನಿಜ. ಆದರೆ ಸೊಪ್ಪಿನ ರುಚಿಗೆ ಆ ಗಾದೆ ಅನ್ಯಾಯ ಮಾಡಿದೆ. ಮೊದಲ ಮಳೆಗೆ ಒಡೆದ ಎಳೆ ಚಿಗುರನ್ನು ಬೆರಕೆ ಸೊಪ್ಪಿಗೆ ಸೇರಿಸಿ ಬಸ್ಸಾರು ಮಾಡಿ ನೋಡಿ. ಸಣ್ಣಗೆ ಒಗರು, ರಾಗಿಮುದ್ದೆಗೆ ಹೇಳಿ ಮಾಡಿಸಿದ್ದು. ಬಲಿತ ಎಲೆ ಬೇಡ, ನಾರು.

ಆ ಒಗರನ್ನೇ ನಮ್ಮ ಹಿರಿಯರು ಮದ್ದು ಮಾಡಿಕೊಂಡರು. ಭೇದಿ, ಆಮಶಂಕೆಗೆ ಎಲೆ ಇಲ್ಲವೇ ಬೇರಿನ ಕಷಾಯ ಕೊಡುತ್ತಿದ್ದರು. ಹಳ್ಳಿಮದ್ದಿನ ಮೇಲೆ ನನಗೆ ಗೌರವವಿದೆ. ಆದರೂ ಮಗುವಿಗೆ ಭೇದಿ ಹತ್ತಿಕೊಂಡಾಗ ಕಾರೆ ಹುಡುಕುತ್ತಾ ಕೂರಬೇಡಿ. ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಎಚ್ಚರಿಕೆ. ಇದೇ ಕುಟುಂಬದ ಮಂಗಾರೆಗೂ ಮುಳ್ಳಿದೆ, ಕೆಲವೆಡೆ ಅದನ್ನೂ ಕಾರೆ ಎಂದೇ ಕರೆಯುತ್ತಾರೆ. ಅದರ ಕಾಯಿ ದಪ್ಪ, ತುದಿಯಲ್ಲಿ ಹೂವಿನ ಪುಷ್ಪಪಾತ್ರೆ ಒಣಗಿ ಕಿರೀಟದಂತೆ ಉಳಿದಿರುತ್ತದೆ. ಅದೇ ಆಯುರ್ವೇದದ ಮದನಫಲ, ವಾಂತಿ ಮಾಡಿಸುವ ಔಷಧ. ಚರಕಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯವೇ ಅದರ ಬಗ್ಗೆ. ಅದರಲ್ಲಿ 133 ಯೋಗಗಳನ್ನು ಹೇಳಿದೆ. ವೈದ್ಯರ ಕೈಯಲ್ಲಿ ಮಾತ್ರ ಇರಬೇಕಾದ ಕಾಯಿ ಅದು, ಬಾಯಿಗೆ ಹಾಕಿಕೊಳ್ಳುವಂಥದ್ದಲ್ಲ.

ಗೋಮಾಳಗಳನ್ನು ನೀಲಗಿರಿ ನುಂಗಿದಾಗಲೂ ಕಾರೆ ಬೇಲಿಸಾಲಿನಲ್ಲಿ ಉಳಿದಿತ್ತು. ಈಗ ಆ ಸಾಲೇ ಹೋಗುತ್ತಿದೆ. ತಂತಿ ಹಾಕಿಸುವ ರೈತರಲ್ಲಿ ನನ್ನದೊಂದು ಬೇಡಿಕೆ: ತೋಪಿನ ಒಂದು ಮೂಲೆಯಲ್ಲಿ ನಾಲ್ಕು ಕಾರೆ ಬುಡ ಬಿಡಿ. ನೀರು ಹಾಯಿಸಬೇಕಿಲ್ಲ, ಗೊಬ್ಬರ ಹಾಕಬೇಕಿಲ್ಲ.