ಗೂಡಿನ ಬೆಲೆ ಯಾವ ಸಚಿವಾಲಯದಲ್ಲಿದೆ?

ಹಿಪ್ಪುನೇರಳೆ ಬೆಳೆಯುವುದು ಹೊಲದಲ್ಲಿ, ಹುಳು ಸಾಕುವವನು ರೈತ. ಹಾಗಿದ್ದ ಮೇಲೆ ದೆಹಲಿಯಲ್ಲಿ ರೇಷ್ಮೆ ಜವಳಿ ಸಚಿವಾಲಯದ ಕೆಳಗೆ ಏಕಿರಬೇಕು, ಕೃಷಿಗೆ ಸೇರಿಸಿಬಿಡಿ ಎಂಬ ವಾದ ಬಹಳ ಜನರಿಗೆ ಒಪ್ಪಿಗೆಯಾಗಿದೆ. ರಾಜ್ಯದಲ್ಲೂ ರೇಷ್ಮೆ ಇಲಾಖೆಯನ್ನು ಕೃಷಿ, ತೋಟಗಾರಿಕೆಗಳ ಜೊತೆ ವಿಲೀನ ಮಾಡುವ ಮಾತು ಬಂದುಹೋಗಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಅನುಭವವನ್ನು ಎದುರಿಗಿಟ್ಟುಕೊಂಡರೆ ಈ ವಾದ ನಿಲ್ಲುವುದಿಲ್ಲ.

2011ನ್ನು ನೆನೆಯೋಣ. ಆ ವರ್ಷದ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಯಿತು, ಗೂಡಿನ ದರ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. ಸುಂಕ ಶೇ 15ಕ್ಕೆ ಏರಲು 2013ರ ಬಜೆಟ್‌ವರೆಗೆ ಕಾಯಬೇಕಾಯಿತು. ಇಳಿಸಿದ್ದೂ ಏರಿಸಿದ್ದೂ ಹಣಕಾಸು ಸಚಿವಾಲಯ. ಅಂದು ರೇಷ್ಮೆ ಕೃಷಿ ಸಚಿವಾಲಯದಲ್ಲೇ ಇದ್ದಿದ್ದರೂ ಪೆಟ್ಟು ತಪ್ಪುತ್ತಿರಲಿಲ್ಲ. ತೊಗರಿ ಮೊದಲಿನಿಂದಲೂ ಕೃಷಿ ಸಚಿವಾಲಯದ ಬೆಳೆಯೇ. 2021ರಲ್ಲಿ ಅದರ ಆಮದಿಗೆ ಬಾಗಿಲು ತೆರೆದಾಗ ಕಲಬುರಗಿಯ ರೈತನಿಗೆ ಆ ಸಚಿವಾಲಯ ಕವಚವಾಯಿತೇ?

ಇನ್ನೊಂದು ಸಂಗತಿ. ಕೃಷಿ ಸಚಿವಾಲಯದೊಳಗೆ ಇದ್ದ ವಿಷಯಗಳೇ ಅದರಿಂದ ಹೊರಬರುತ್ತಿವೆ. 2019ರಲ್ಲಿ ಮೀನುಗಾರಿಕೆ, ಪಶುಸಂಗೋಪನೆ, ಹೈನುಗಾರಿಕೆಗೆ ಬೇರೆ ಸಚಿವಾಲಯವಾಯಿತು. 2021ರಲ್ಲಿ ಸಹಕಾರ ಬೇರೆಯಾಯಿತು. ಭತ್ತ, ಗೋಧಿ, ರಸಗೊಬ್ಬರದ ಚಿಂತೆಯ ನಡುವೆ ಸಣ್ಣ ವಿಷಯಗಳಿಗೆ ಗಮನ ಸಿಗುವುದು ಕಷ್ಟ. ಹಾಲಿಗೇ ಜಾಗ ಸಾಲದ ಮನೆಗೆ ರೇಷ್ಮೆಯನ್ನು ಕಳಿಸಿ ಏನು ಸಾಧಿಸುತ್ತೇವೆ? ಒಂದು ಕಾಲಕ್ಕೆ ಜಗತ್ತಿಗೇ ರೇಷ್ಮೆ ಕಳಿಸುತ್ತಿದ್ದ ಜಪಾನಿನಲ್ಲಿ ರೇಷ್ಮೆ ಕೃಷಿ ಸಚಿವಾಲಯದ ಕೈಯಲ್ಲೇ ಇತ್ತು. ಇಂದು ಅಲ್ಲಿ ಹುಳು ಸಾಕುವ ಕುಟುಂಬಗಳು ಅತ್ಯಲ್ಪ.

ವಿಲೀನ ಬಯಸುವವರು ಮರೆಯುವುದು ಗೂಡಿನಿಂದ ನೂಲು ಬಿಚ್ಚುವ ರೀಲರನನ್ನು. ಗೂಡು ರಾಗಿಯಂತೆ ಕಣಜದಲ್ಲಿಟ್ಟು ಕಾಯುವ ಮಾಲಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆಯುವ ಮೊದಲೇ ಹರಾಜಾಗಬೇಕು. ಕೊಳ್ಳುವವನು ರೀಲರ್. ಅವನ ನೂಲು ಮಾರಾಟವಾಗದೆ ಕೈಯಲ್ಲಿ ದುಡ್ಡಿಲ್ಲದಿದ್ದರೆ ಎಂಥ ಒಳ್ಳೆಯ ಲಾಟಿಗೂ ಬೆಲೆ ಬರುವುದಿಲ್ಲ. ರೈತನ ಕಷ್ಟ, ರೀಲರನ ಕಷ್ಟ ಎರಡೂ ಒಂದೇ ದಾರದಲ್ಲಿವೆ. 1948ರ ಕಾಯ್ದೆಯಡಿ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿಯ ಗುಣ ಇರುವುದು ಇಲ್ಲೇ: ಮೊಟ್ಟೆಯಿಂದ ನೂಲಿನವರೆಗೆ ಎಲ್ಲವನ್ನೂ ಅದು ಒಂದೇ ಕೈಯಲ್ಲಿ ಹಿಡಿದಿದೆ. ಶಿಡ್ಲಘಟ್ಟದ ಕಡೆಯ ತೋಟಗಳಲ್ಲಿ ಕಾಣುವ ವಿ-1 ತಳಿಯ ಹಿಪ್ಪುನೇರಳೆ ಬಂದದ್ದು ಮಂಡಳಿಯ ಮೈಸೂರಿನ ಸಂಶೋಧನಾ ಸಂಸ್ಥೆಯಿಂದ; ನೂಲು ಬಿಚ್ಚುವ ಯಂತ್ರಗಳ ಕೆಲಸವನ್ನೂ ನೋಡುವುದು ಅದೇ ಮಂಡಳಿ. ಗೂಡಿನವರೆಗಿನದು ಕೃಷಿಗೆ, ಆಮೇಲಿನದು ಜವಳಿಗೆ ಎಂದು ಸೀಳಿದರೆ ಮಾರುಕಟ್ಟೆಯ ಹೊಸ್ತಿಲಲ್ಲೇ ದಾರ ಕಡಿಯುತ್ತದೆ.

ಬೆಳೆಸಾಲ, ವಿಮೆಯಂಥ ವಿಷಯಗಳಲ್ಲಿ ರೇಷ್ಮೆ ಬೆಳೆಗಾರ ಇತರ ರೈತರಿಗಿಂತ ಹಿಂದೆ ಉಳಿಯುತ್ತಾನೆ ಎಂಬ ದೂರು ನ್ಯಾಯವಾದದ್ದು. ಅದಕ್ಕೆ ಮದ್ದು ಆದೇಶ, ವಿಲೀನವಲ್ಲ. ನರೇಗಾದಲ್ಲಿ ಹಿಪ್ಪುನೇರಳೆ ನಾಟಿಗೆ ಅವಕಾಶ ಸಿಕ್ಕಿತು. ಅದಕ್ಕಾಗಿ ರೇಷ್ಮೆಯನ್ನು ಗ್ರಾಮೀಣಾಭಿವೃದ್ಧಿಗೆ ಸೇರಿಸಬೇಕಾಗಲಿಲ್ಲ.

ಸಂವಿಧಾನದ 77ನೇ ವಿಧಿ ಮತ್ತು ಅದರಡಿಯ 1961ರ ಕಾರ್ಯಹಂಚಿಕೆ ನಿಯಮಗಳ ಪ್ರಕಾರ ಒಂದು ವಿಷಯವನ್ನು ಸಚಿವಾಲಯದಿಂದ ಸಚಿವಾಲಯಕ್ಕೆ ದಾಟಿಸಲು ಒಂದು ಅಧಿಸೂಚನೆ ಸಾಕು, ಸಂಸತ್ತಿನ ಮತ ಬೇಕಿಲ್ಲ. ಇಷ್ಟು ಸುಲಭವಾದ್ದರಿಂದಲೇ ಸಿದ್ಧತೆ ಕಠಿಣವಾಗಿರಬೇಕು. ಪುನರ್‌ರಚನೆಗೆ ಕೂರುವ ಅಧಿಕಾರಿಗಳು ಇಲಾಖೆಗಳ ಪಟ್ಟಿಯಿಂದ ಆರಂಭಿಸುವುದು ಬೇಡ. ಒಂದು ಲಾಟು ಗೂಡು ಮರಿಹುಳು ಸಾಕುವ ಚಾಕಿ ಕೇಂದ್ರದಿಂದ ಸೀರೆಯವರೆಗೆ ಹೋಗುವ ದಾರಿ ಹಿಡಿಯಲಿ. ಅದರ ಬೆಲೆಯನ್ನು ಯಾರು ಎಲ್ಲಿ ತೀರ್ಮಾನಿಸುತ್ತಾರೆಂದು ಗುರುತಿಸಲಿ. ಆಗ ಬೆರಳು ಕೃಷಿ ಭವನದ ಕಡೆಗಲ್ಲ, ಸುಂಕ ನಿಗದಿಯಾಗುವ ಕಡೆಗೆ ತಿರುಗುತ್ತದೆ.

ಕಚ್ಚಾ ರೇಷ್ಮೆಯ ಆಮದು-ರಫ್ತಿನ ಬಗ್ಗೆ ಕೇಂದ್ರಕ್ಕೆ ಸಲಹೆ ಕೊಡುವುದು ಮಂಡಳಿಯ ಕರ್ತವ್ಯ ಎಂದು 1948ರ ಕಾಯ್ದೆಯಲ್ಲೇ ಇದೆ. ಆ ಸಲಹೆಗೆ ಹಣಕಾಸು ಸಚಿವಾಲಯ ಕಟ್ಟುಬೀಳಬೇಕಿಲ್ಲ ಎನ್ನುವುದೇ ಕೊರತೆ. ಶಿಡ್ಲಘಟ್ಟ, ಚಿಂತಾಮಣಿಯ ಬೆಳೆಗಾರರು ಮತ್ತು ರೀಲರುಗಳು ಸಂಸದರಿಗೆ ಕೊಡುವ ಮುಂದಿನ ಮನವಿಯಲ್ಲಿ ಸಚಿವಾಲಯ ಬದಲಿಸಿ ಎಂದು ಕೇಳುವುದು ಬೇಡ. ಸುಂಕ ಬದಲಾಯಿಸುವ ಮುನ್ನ ಮಂಡಳಿಯ ಲಿಖಿತ ಅಭಿಪ್ರಾಯ ಪಡೆದು, ಅದನ್ನು ಸಂಸತ್ತಿನ ಮುಂದಿಡುವುದನ್ನು ಕಾನೂನಿನಲ್ಲಿ ಕಡ್ಡಾಯ ಮಾಡಿ ಎಂದು ಇಬ್ಬರೂ ಒಟ್ಟಿಗೆ ಕೇಳಲಿ.